ಸರಮೆಯ ಜಾಡು

ಒಂದು ಜೀವದ ಚಿತ್ತವನ್ನು ಇನ್ನೊಂದು ಜೀವವು ಏಕಾಗ್ರಗೊಳಿಸಬಲ್ಲುದೆ ಎಂಬ ಪ್ರಶ್ನೆ ಹಳೆಯದು. ಗುರುವು ಶಿಷ್ಯನ ಮುಂದೆ, ತಾಯಿ ಮಗುವಿನ ಮುಂದೆ, ಪುರಾಣಿಕನು ಶ್ರೋತೃಗಳ ಮುಂದೆ ಈ ಪ್ರಶ್ನೆಯನ್ನು ದಿನವೂ ಎದುರಿಸುತ್ತಾರಾದರೂ, ಅಲ್ಲೆಲ್ಲ ಮಾತೆಂಬ ಮಧ್ಯವರ್ತಿ ಇರುವುದರಿಂದ ಪ್ರಶ್ನೆಯ ನಿಜವಾದ ಕಾಠಿನ್ಯವು ಮರೆಯಾಗಿಬಿಡುತ್ತದೆ. ನಾವು ಉಪದೇಶಿಸಿದೆವು, ಅವನು ಕೇಳಿದನು, ಆದುದರಿಂದ ಅವನ ಮನಸ್ಸು ನಿಂತಿತು ಎಂದು ನಂಬಿ ಸಮಾಧಾನಪಡುತ್ತೇವೆ. ಮಾತಿಗೆ ಅಷ್ಟಾಗಿ ಎಡೆಯಿಲ್ಲದ, ಆದರೆ ಕಲಿಸುವುದಕ್ಕೂ ಕಲಿಯುವುದಕ್ಕೂ ಧಾರಾಳವಾಗಿ ಎಡೆಯಿರುವ ಒಂದು ಸಂಬಂಧದಲ್ಲಿ ಈ ಪ್ರಶ್ನೆಯನ್ನಿಟ್ಟು ನೋಡಿದರೆ ಅದರ ರೂಪವೇ ಬೇರೆಯಾಗಿ ತೋರುತ್ತದೆ. ನಾಯಿಗೆ ವಾಸನೆಯ ಜಾಡು ಹಿಡಿಯಲು ಕಲಿಸುವುದು ಅಂಥ ಸಂಬಂಧಗಳಲ್ಲಿ ಒಂದು.

ನಂದಿನಿ ಲೇಔಟಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು ಪೊಲೀಸ್ ಶ್ವಾನದಳದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರು. ಆಡುಗೋಡಿಯ ಮೈದಾನದಲ್ಲಿ ಡಾಬರ್‌ಮನ್, ಲ್ಯಾಬ್ರಡಾರ್ ಮುಂತಾದ ಜಾತಿಯ ನಾಯಿಗಳೊಡನೆ ಪಳಗಿದ ಕೈ ಅವರದು. ಈಗ ಅದೇ ಕೈ, ಇದೇ ಬೀದಿಯ ಚರಂಡಿಯ ಮಗ್ಗುಲಲ್ಲಿ ಹುಟ್ಟಿ ಅವರ ಮನೆಯ ಮೆಟ್ಟಿಲ ಮೇಲೆ ಬೆಳೆದ ಕೆಂಚಿ ಎಂಬ ಊರುನಾಯಿಗೆ ಜಾಡು ಹಿಡಿಯುವುದನ್ನು ಕಲಿಸುತ್ತಿದೆ. ಹೊತ್ತು ಮೂಡುವುದಕ್ಕೆ ಮೊದಲೇ, ಹುಲ್ಲಿನ ಮೇಲಣ ಇಬ್ಬನಿ ಆರದಿರುವಾಗಲೇ, ಬಡಾವಣೆಯ ಖಾಲಿ ನಿವೇಶನವೊಂದರಲ್ಲಿ ಅವರ ಮೊಮ್ಮಗನು ಒಂದು ಚೌಕದಷ್ಟು ಜಾಗವನ್ನು ಕಾಲಿನಿಂದ ಚೆನ್ನಾಗಿ ತುಳಿದು, ಅಲ್ಲಿಂದ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ನೇರವಾಗಿ ನಡೆಯುತ್ತಾನೆ. ಹಿಮ್ಮಡಿ ಊರಿದ ಪ್ರತಿಯೊಂದು ಗುರುತಿನಲ್ಲಿಯೂ ಬೇಯಿಸಿದ ಕೋಳಿಯ ಈಲಿಯ ಒಂದು ಸಣ್ಣ ಚೂರನ್ನು ಇಡುತ್ತಾನೆ. ಕೊನೆಯಲ್ಲಿ ತಾನು ತೊಟ್ಟು ಬಿಟ್ಟ ಕಾಲುಚೀಲವನ್ನೂ ಉಳಿದ ಈಲಿಯನ್ನೂ ಒಟ್ಟಿಗೆ ಇಟ್ಟು, ಬೇರೊಂದು ದಾರಿಯಿಂದ ಬಹುದೂರ ಬಳಸಿಕೊಂಡು ಹಿಂದಿರುಗುತ್ತಾನೆ. ಆಮೇಲೆ ಕೆಂಚಿಗೆ ಎದೆಪಟ್ಟಿ ಕಟ್ಟುತ್ತಾರೆ. ಈ ಪಟ್ಟಿಯನ್ನು ತಿರುಗಾಟಕ್ಕೆ ಕಟ್ಟುವುದಿಲ್ಲ, ಮನೆ ಕಾಯುವಾಗ ಕಟ್ಟುವುದಿಲ್ಲ. ಪೂಜೆಗೆ ಕೂರುವವರು ಮಡಿಯುಟ್ಟಂತೆ ಇದು ಈ ಒಂದು ಕಾರ್ಯಕ್ಕೇ ಮೀಸಲು, ಮತ್ತು ಅದು ಮೈಗೆ ತಾಗಿದ ಕ್ಷಣದಲ್ಲಿಯೇ ಕೆಂಚಿಯ ಕಿವಿ, ಬಾಲ, ಬೆನ್ನಿನ ನಿಲುವು ಎಲ್ಲವೂ ಬದಲಾಗುವುದನ್ನು ನೋಡಬಹುದು. ಪಟ್ಟಿಗೆ ಮೂವತ್ತು ಅಡಿಯ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಹಿರಿಯರು.

ಮೊದಲ ಸಲ ನೋಡಲು ಹೋದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ನಡುವೆ ಅದರ ಗಮನ ಚದುರಿದರೆ ಏನು ಮಾಡುತ್ತೀರಿ? ಚದುರುವುದಕ್ಕೆ ಇಲ್ಲಿ ಕಾರಣಗಳಿಗೇನೂ ಬರವಿಲ್ಲ. ಹೊಂಗೆಯ ಮರದಲ್ಲಿ ಅಳಿಲು, ಗೋಡೆಯ ಮೇಲೆ ಬೆಕ್ಕು, ಪಕ್ಕದ ಬೀದಿಯಲ್ಲಿ ತಮ್ಮ ಗಡಿಯನ್ನು ಕಾಯುತ್ತಿರುವ ನಾಲ್ಕಾರು ನಾಯಿಗಳು, ಹಾಲಿನ ಗಾಡಿ, ಇಡ್ಲಿ ಬೇಯುವ ಆವಿ, ಗುಡಿಯ ಗಂಟೆ. ಇನ್ನು ಯಶವಂತಪುರದ ಕಡೆಗೆ ನಡೆದರೆ ಗಂಧದ ಸಾಬೂನಿನ ಕಾರ್ಖಾನೆಯ ಸುತ್ತ ಗಾಳಿಯಲ್ಲಿಯೇ ತುಂಬಿರುವ ಪರಿಮಳ. ಹಿರಿಯರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲಿಯೇ ಹೇಳುವುದು ಮೇಲು: “ನಾನೇನೂ ಮಾಡಲ್ಲ ಸಾರ್. ನಿಂತ್ಕೋತೀನಿ. ನಾವು ಬಾಯಿ ಮುಚ್ಕೊಂಡ್ರೆ ತಾನೇ ಅದರ ಮೂಗು ಕೆಲ್ಸ ಮಾಡೋದು?” ಇದು ಅನುಭವಸ್ಥರ ಯುಕ್ತಿಯೆಂದು ಕೇಳಿ ಮರೆಯತಕ್ಕ ಮಾತಲ್ಲ. ಏಕಾಗ್ರತೆಯ ವಿಷಯವಾಗಿ ನಮ್ಮ ದರ್ಶನಗಳು ಹೇಳಿರುವುದನ್ನೂ ಹೇಳದೆ ಬಿಟ್ಟಿರುವುದನ್ನೂ ಈ ಒಂದು ಮಾತಿನಿಂದ ಮರಳಿ ವಿಚಾರಿಸಬಹುದೆಂದು ನನಗೆ ತೋರುತ್ತದೆ.

ನೈಯಾಯಿಕರ ಮತದಲ್ಲಿ ಗಂಧವು ಪೃಥ್ವಿಯ ವಿಶೇಷಗುಣ. ನೀರಿನಲ್ಲಿಯೋ ಗಾಳಿಯಲ್ಲಿಯೋ ವಾಸನೆ ತೋರಿದರೆ ಅದು ಅಲ್ಲಿ ಬೆರೆತಿರುವ ಪಾರ್ಥಿವಾಂಶದ ವಾಸನೆಯೇ ಹೊರತು ನೀರು ಗಾಳಿಗಳದಲ್ಲ. ಘ್ರಾಣೇಂದ್ರಿಯವೂ ಪೃಥ್ವಿಯಿಂದಲೇ ಆದುದು. ಇಬ್ಬನಿಯಿಂದ ತೊಯ್ದ ನೆಲಕ್ಕೆ ಮೂಗನ್ನು ಹಚ್ಚಿ ನಡೆಯುವ ನಾಯಿಯನ್ನು ನೋಡುವಾಗ ಈ ಸಿದ್ಧಾಂತವನ್ನು ರೂಪಿಸಿದವರು ಬರಿಯ ತರ್ಕದಿಂದ ಅದನ್ನು ಕಟ್ಟಿರಲಾರರು ಎನ್ನಿಸುತ್ತದೆ. ಏಕೆಂದರೆ ಹೆಜ್ಜೆಯ ಜಾಡಿನಲ್ಲಿರುವುದು ನಡೆದವನ ಮೈಯಿಂದ ಉದುರಿದ ಸೂಕ್ಷ್ಮ ಕಣಗಳ ವಾಸನೆ ಮಾತ್ರವಲ್ಲ, ಜಜ್ಜಿದ ಹುಲ್ಲಿನ, ಕದಡಿದ ಮಣ್ಣಿನ ವಾಸನೆಯೂ ಹೌದು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಕೋಶಗಳು ಸುಮಾರು 50 ಲಕ್ಷವೆಂದೂ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲ್ಪಟ್ಟವೆಂದೂ ಸಾಮಾನ್ಯವಾಗಿ ಗಣನೆ ಮಾಡುತ್ತಾರೆ. ಆದರೆ ಸಂಖ್ಯೆಗಿಂತ ನನಗೆ ಹೆಚ್ಚು ಅರ್ಥವತ್ತಾಗಿ ಕಂಡದ್ದು ನಾರ್ವೆ ದೇಶದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆ. ಜಾಡು ಹಿಡಿಯುವ ನಾಯಿಯ ವ್ಯಾಪಾರದಲ್ಲಿ ಅವರು ಮೂರು ಘಟ್ಟಗಳನ್ನು ಕಂಡರು: ಮೊದಲು ಅರಸುವುದು, ಜಾಡು ಸಿಕ್ಕಿದೊಡನೆ ನಡಿಗೆಯನ್ನು ನಿಧಾನಿಸಿ, ಮೂರರಿಂದ ಐದು ಸೆಕೆಂಡುಗಳ ಕಾಲ, ಎರಡರಿಂದ ಐದು ಹೆಜ್ಜೆಗಳನ್ನು ಮಾತ್ರ ಮೂಸಿ, ನಡೆದವನು ಯಾವ ದಿಕ್ಕಿಗೆ ಹೋದನೆಂಬುದನ್ನು ನಿಶ್ಚಯಿಸುವುದು, ಬಳಿಕ ಸೆಕೆಂಡಿಗೆ ಆರು ಸಲದಂತೆ ಉಸಿರನ್ನು ಎಳೆಯುತ್ತ ಅನುಸರಿಸುವುದು. ಈ ನಡುವಣ ಘಟ್ಟವೇ ಎಲ್ಲಕ್ಕೂ ಮೂಲ. ಮೊದಲ ಹೆಜ್ಜೆಗಿಂತ ಎರಡನೆಯದು ಕ್ಷಣಮಾತ್ರ ಹೊಸತು. ಆ ಅತ್ಯಲ್ಪವಾದ ತಾರತಮ್ಯವನ್ನು ಮೂಗಿನಿಂದ ತೂಗಿ ನಾಯಿಯು ದಿಕ್ಕನ್ನು ತಿಳಿಯುತ್ತದೆ. ಆ ಐದು ಸೆಕೆಂಡುಗಳಲ್ಲಿ ಹಗ್ಗದ ತುದಿಯಲ್ಲಿರುವ ಮನುಷ್ಯನು “ಹೂಂ, ನಡಿ, ಹುಡುಕು” ಎಂದು ಒದರಿದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಅದೇ ನ್ಯಾಯದರ್ಶನವು ಮನಸ್ಸನ್ನು ಅಣುಪರಿಮಾಣದ್ದೆಂದು ಹೇಳುತ್ತದೆ. ಕಣ್ಣು, ಕಿವಿ, ಮೂಗು, ಚರ್ಮಗಳೆಲ್ಲವೂ ಏಕಕಾಲದಲ್ಲಿ ತಮ್ಮ ತಮ್ಮ ವಿಷಯಗಳೊಡನೆ ಕೂಡಿರುವಾಗಲೂ ಜ್ಞಾನಗಳು ಒಟ್ಟಿಗೆ ಹುಟ್ಟದೆ ಒಂದಾದ ಮೇಲೆ ಒಂದರಂತೆ ಹುಟ್ಟುವುದಕ್ಕೆ ಕಾರಣವೇನೆಂದರೆ, ಮನಸ್ಸು ಒಂದು ಸಲಕ್ಕೆ ಒಂದೇ ಇಂದ್ರಿಯದೊಡನೆ ಸೇರಬಲ್ಲಷ್ಟು ಸಣ್ಣದು. ಕೆಂಚಿಯ ಕಿವಿಗೆ ನನ್ನ ಕೂಗು ಬಿದ್ದಾಗ ಅದರ ಮೂಗು ಮುಚ್ಚಿಹೋಗುವುದಿಲ್ಲ. ಆದರೆ ಮೂಗಿನೊಡನಿದ್ದ ಮನಸ್ಸು ಕಿವಿಗೆ ಬರುತ್ತದೆ. ಉತ್ತೇಜನವೆಂದು ನಾವು ಕೊಡುವುದು ಹೀಗೆ ಬಹುಸಲ ವಿಕ್ಷೇಪವಾಗಿ ಪರಿಣಮಿಸುತ್ತದೆ. ಹಿರಿಯರ ಮಾತಿಗೆ ನ್ಯಾಯಸೂತ್ರಕಾರನಾದ ಗೌತಮಮುನಿಯ ಮತದಲ್ಲಿಯೇ ಆಧಾರವುಂಟು.

ಇಲ್ಲಿ ನಾಯಿಗೆ ಮನಸ್ಸುಂಟೆ ಎಂದು ಯಾರಾದರೂ ಕೇಳಬಹುದು. ಈ ವಿಷಯದಲ್ಲಿ ಜೈನರು ತೋರಿಸಿರುವ ನಿಷ್ಕೃಷ್ಟತೆಯನ್ನು ಬೇರೆ ಯಾರೂ ತೋರಿಸಿಲ್ಲವೆಂದೇ ನನ್ನ ಭಾವನೆ. ಇಂದ್ರಿಯಗಳ ಸಂಖ್ಯೆಯನ್ನನುಸರಿಸಿ ಜೀವಗಳನ್ನು ವಿಭಾಗಿಸುವ ಅವರು ಇರುವೆಯನ್ನು ಮೂರಿಂದ್ರಿಯದ ಜೀವವೆಂದೂ, ನಾಯಿ ಮೊದಲಾದ ಪಶುಗಳನ್ನು ಪಂಚೇಂದ್ರಿಯಗಳ ಜೊತೆಗೆ ಮನಸ್ಸನ್ನೂ ಪಡೆದ ಸಂಜ್ಞಿಗಳೆಂದೂ ಎಣಿಸುತ್ತಾರೆ. ಅಷ್ಟೇ ಅಲ್ಲ, ಅಂಥ ತಿರ್ಯಂಚಜೀವಕ್ಕೆ ಸಮ್ಯಗ್ದರ್ಶನವೂ ಲಭಿಸಬಹುದೆಂದು ಒಪ್ಪುತ್ತಾರೆ. ಭಾಸ್ಕರಕವಿ 1424ರಲ್ಲಿ ಕನ್ನಡದಲ್ಲಿ ಬರೆದ ‘ಜೀವಂಧರ ಚರಿತೆ’ಯ ನಾಯಕನು, ಪೆಟ್ಟು ತಿಂದು ಸಾಯುತ್ತ ಬಿದ್ದಿದ್ದ ನಾಯಿಯೊಂದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದಾಗ ಅದು ಯಕ್ಷನಾಗಿ ಹುಟ್ಟಿದ ಕಥೆ ಜೈನಪುರಾಣಗಳನ್ನು ಓದಿದವರಿಗೆ ಅಪರಿಚಿತವಲ್ಲ. ಸಾಯುವ ಕ್ಷಣದಲ್ಲಿ ಒಂದು ನಾದಕ್ಕೆ ಚಿತ್ತವನ್ನು ಕೊಡಬಲ್ಲ ಜೀವಕ್ಕೆ ಮನಸ್ಸಿಲ್ಲವೆನ್ನುವುದು ಹೇಗೆ?

ಮನಸ್ಸುಂಟೆಂದ ಮೇಲೆ ಅದು ಚದುರುವುದೂ ಉಂಟು. ಆದರೆ ಚದುರುವುದೆಂದರೇನು? ಕೆಂಚಿಯು ಜಾಡನ್ನು ಬಿಟ್ಟು ಬೆಕ್ಕಿನ ಹಿಂದೆ ಹೋದಾಗ ನಾವು ಅದರ ಚಿತ್ತ ಚಂಚಲವಾಯಿತೆನ್ನುತ್ತೇವೆ. ಬೆಕ್ಕಿನ ವಾಸನೆಯ ಮೇಲಿರುವ ಆ ನಾಯಿಯನ್ನು ಒಂದು ನಿಮಿಷ ನಿಂತು ನೋಡಿದರೆ, ಅದಕ್ಕಿಂತ ಏಕಾಗ್ರವಾದ ಜೀವ ಆ ಹೊತ್ತಿಗೆ ಇಡೀ ಬಡಾವಣೆಯಲ್ಲಿ ಇನ್ನೊಂದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಯೋಗಭಾಷ್ಯಕಾರನು ಚಿತ್ತಕ್ಕೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂದು ಐದು ಭೂಮಿಗಳನ್ನು ಹೇಳಿದ್ದಾನಷ್ಟೆ. ನಾಯಿಯ ಚಿತ್ತವು ಆಗ ವಿಕ್ಷಿಪ್ತವಾಗಿಲ್ಲ, ನಮಗೆ ಬೇಡವಾದುದರಲ್ಲಿ ಏಕಾಗ್ರವಾಗಿದೆ. ವಿಕ್ಷೇಪವೆಂಬುದು ಚಿತ್ತದ ಸ್ಥಿತಿಯ ಹೆಸರಲ್ಲ, ನಮ್ಮ ಪ್ರಯೋಜನಕ್ಕೂ ಅದರ ಆಸಕ್ತಿಗೂ ಬಿದ್ದ ಅಂತರದ ಹೆಸರು. ಹೀಗೆ ನೋಡಿದರೆ ಪ್ರಶ್ನೆಯೇ ಸ್ಥಾನ ಬದಲಿಸುತ್ತದೆ. ನಾಯಿಗೆ ಏಕಾಗ್ರತೆಯನ್ನು ಕೊಡುವುದು ಹೇಗೆ ಎಂಬುದಲ್ಲ, ನಾಯಿಯಲ್ಲಿ ಮೊದಲೇ ಸಮೃದ್ಧವಾಗಿರುವ ಏಕಾಗ್ರತೆಯು ನಾವು ತೋರಿಸಿದ ಜಾಡನ್ನು ತನ್ನದೆಂದು ಏಕೆ ಸ್ವೀಕರಿಸಬೇಕು ಎಂಬುದು ನಿಜವಾದ ಪ್ರಶ್ನೆ.

ಇದೇ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಒಂದು ನಾಯಿಯ ಮೂಲಕವೇ ಕೇಳಿದ್ದರೆಂಬುದು ಆಶ್ಚರ್ಯಕರವಾದ ಸಂಗತಿ. ಋಗ್ವೇದದ 10ನೆಯ ಮಂಡಲದ 108ನೆಯ ಸೂಕ್ತವು ಸರಮೆಗೂ ಪಣಿಗಳಿಗೂ ನಡೆದ ಸಂವಾದ. ಪಣಿಗಳು ದೇವತೆಗಳ ಹಸುಗಳನ್ನು ಕದ್ದು ಬೆಟ್ಟದ ಗುಹೆಯಲ್ಲಿ ಬಚ್ಚಿಟ್ಟಿದ್ದಾರೆ. ಇಂದ್ರನ ದೂತಿಯಾದ ಸರಮೆ ಜಾಡನ್ನು ಹಿಡಿದು, ರಸಾ ಎಂಬ ಮಹಾನದಿಯನ್ನು ದಾಟಿ, ಆ ಗುಹೆಯ ಬಾಗಿಲಿಗೆ ಬಂದು ನಿಂತಿದ್ದಾಳೆ. ಪಣಿಗಳು ಮೊದಲು ಬೆದರಿಸಿ, ಅದು ಫಲಿಸದೆ ಹೋದಾಗ ಅವಳನ್ನು ತಂಗಿಯೆಂದು ಕರೆದು, ಹಸುಗಳಲ್ಲಿ ಪಾಲು ಕೊಡುತ್ತೇವೆ, ಹಿಂದಿರುಗಬೇಡ, ನಮ್ಮಲ್ಲಿಯೇ ಇರು ಎಂದು ಆಮಿಷವೊಡ್ಡುತ್ತಾರೆ. ಅಣ್ಣತಂಗಿಯರ ನಂಟು ತನಗೆ ತಿಳಿಯದೆಂದು ಹೇಳಿ ಅವಳು ಅದನ್ನು ನಿರಾಕರಿಸುತ್ತಾಳೆ. ಭಕ್ತಿಸಾಹಿತ್ಯದಲ್ಲಿ ನಾಯಿಯು ಬಹುಮಟ್ಟಿಗೆ ಆಸೆಬುರುಕತನಕ್ಕೂ ಚಪಲಚಿತ್ತಕ್ಕೂ ಪ್ರತೀಕವಾಗಿ ನಿಂತಿರುವ ನಮ್ಮ ದೇಶದಲ್ಲಿಯೇ, ಅದಕ್ಕಿಂತ ಎಷ್ಟೋ ಹಿಂದೆ, ಆಮಿಷದ ಮುಂದೆ ಅಲುಗದೆ ನಿಂತ ಚಿತ್ತಕ್ಕೆ ಉದಾಹರಣೆಯಾಗಿ ನಾಯಿಯನ್ನೇ ಆರಿಸಿಕೊಂಡರು. ಮತ್ತು ಆ ಸೂಕ್ತದಲ್ಲಿ ಅವಳಾಡಿದ ಮಾತುಗಳಿಗೆ ಅವಳನ್ನೇ ಋಷಿಯೆಂದು ಎಣಿಸಿದರು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬೃಹದ್ದೇವತೆಯೆಂಬ ಗ್ರಂಥದಲ್ಲಿ ಅದು ಬೇರೊಂದು ತಿರುವನ್ನು ಪಡೆಯುತ್ತದೆ: ಸರಮೆ ಹಸುಗಳ ಹಾಲನ್ನು ಬೇಡಿ ಕುಡಿದು, ಹಿಂದಿರುಗಿ ಬಂದು, ಕಂಡೆಯಾ ಎಂದು ಇಂದ್ರನು ಕೇಳಿದಾಗ ಕಾಣಲಿಲ್ಲವೆನ್ನುತ್ತಾಳೆ, ಇಂದ್ರನು ಸಿಟ್ಟಿನಿಂದ ಒದೆಯುತ್ತಾನೆ, ಅವಳು ಹಾಲನ್ನು ಕಾರುತ್ತ, ನಡುಗುತ್ತ, ಮತ್ತೆ ಪಣಿಗಳತ್ತ ಓಡುತ್ತಾಳೆ, ಇಂದ್ರನು ಅವಳ ಜಾಡನ್ನೇ ಹಿಡಿದು ಹೋಗುತ್ತಾನೆ. ಜೈಮಿನೀಯ ಬ್ರಾಹ್ಮಣವು ಈ ಕಳಂಕವನ್ನು ಅವಳ ಮೇಲಿಡದೆ, ಮೊದಲು ಕಳುಹಿಸಲ್ಪಟ್ಟ ಸುಪರ್ಣನೆಂಬ ಪಕ್ಷಿಯ ಮೇಲಿಡುತ್ತದೆ. ತುಪ್ಪ ಹಾಲು ಮೊಸರುಗಳಿಗೆ ಮರುಳಾದವನು ಅವನು, ಬಳಿಕ ಹೋದ ಸರಮೆ ಏನನ್ನೂ ಮುಟ್ಟದೆ ಕಾರ್ಯ ಸಾಧಿಸಿದಳು. ಈ ಪಾಠಾಂತರಗಳನ್ನು ಪಂಡಿತರು ಕಾಲಕ್ರಮದ ದೃಷ್ಟಿಯಿಂದ ವಿವೇಚಿಸುತ್ತಾರೆ. ನನಗೋ, ಇವುಗಳಲ್ಲಿ ಶಿಕ್ಷಣದ ಎರಡು ಸಿದ್ಧಾಂತಗಳು ಎದುರುಬದುರಾಗಿ ನಿಂತಿರುವಂತೆ ಕಾಣುತ್ತದೆ. ಒದೆಯಿಂದ ಸತ್ಯ ಹೊರಬೀಳುತ್ತದೆಂಬುದು ಒಂದು. ಕಾರ್ಯದಲ್ಲಿಯೇ ರುಚಿ ಹುಟ್ಟಿದ ಜೀವಕ್ಕೆ ಆಮಿಷವು ಆಮಿಷವಾಗಿ ತೋರುವುದೇ ಇಲ್ಲವೆಂಬುದು ಇನ್ನೊಂದು. ಸೂಕ್ತದ ಸರಮೆ ಆಸೆಯನ್ನು ಹಲ್ಲುಕಚ್ಚಿ ತಡೆದುಕೊಂಡವಳಂತೆ ಮಾತಾಡುವುದಿಲ್ಲ. ಅವಳಿಗೆ ಆ ಆಸೆಯೇ ಇಲ್ಲ.

ಚಿತ್ತವನ್ನು ನಿಲ್ಲಿಸುವುದಕ್ಕೆ ಅಭ್ಯಾಸ ವೈರಾಗ್ಯಗಳೆರಡನ್ನೂ ಗೀತೆಯೂ ಯೋಗಸೂತ್ರವೂ ವಿಧಿಸುತ್ತವೆ. ಅಭ್ಯಾಸದ ಮಾತನ್ನು ನಾಯಿಯ ವಿಷಯದಲ್ಲಿ ಯಾರೂ ಅಲ್ಲಗಳೆಯಲಾರರು. ವೈರಾಗ್ಯದ ಮಾತು ಬೇರೆ. ನಮ್ಮಲ್ಲಿ ಅದನ್ನು ಬಹುಜನರು ನಿಗ್ರಹವೆಂದು ಅರ್ಥಮಾಡಿಕೊಂಡು, ಬೇಡವಾದುದರಿಂದ ಮನಸ್ಸನ್ನು ಎಳೆದೆಳೆದು ತರುವುದೇ ಸಾಧನೆಯೆಂದು ತಿಳಿದಿದ್ದಾರೆ. ನಾಯಿಯನ್ನು ಹೀಗೆ ಎಳೆದು ತಂದು ನೋಡಿ. ಬೆಕ್ಕಿನ ಕಡೆಗೆ ತಿರುಗಿದಾಗಲೆಲ್ಲ ಹಗ್ಗವನ್ನು ಜಗ್ಗಿ, ಗದರಿಸಿದರೆ ಅದು ಬೆಕ್ಕನ್ನು ಬಿಡುವುದು ನಿಜ. ಆದರೆ ಬಿಟ್ಟು ಜಾಡಿಗೆ ಹಿಂದಿರುಗುವುದಿಲ್ಲ, ತಲೆಯೆತ್ತಿ ನಮ್ಮ ಮುಖವನ್ನು ನೋಡತೊಡಗುತ್ತದೆ. ಭಯಗೊಂಡ ನಾಯಿಯ ಮೂಗು ನೆಲವನ್ನು ಬಿಡುತ್ತದೆ. ಒಡೆಯನ ಮುಖಭಾವವೇ ಅದರ ಜಾಡಾಗುತ್ತದೆ. ದೇವರನ್ನು ಅರಸಲು ಹೊರಟು ದಂಡನೆಯ ಭೀತಿಯನ್ನಷ್ಟೇ ಅರಸುತ್ತ ಉಳಿದುಬಿಟ್ಟ ಧಾರ್ಮಿಕರನ್ನು ನಾವು ಕಂಡಿಲ್ಲವೆ? ಹೆಜ್ಜೆಹೆಜ್ಜೆಗೂ ಈಲಿಯ ಚೂರಿಟ್ಟ ಹಾದಿಯಲ್ಲಿ ನಡೆದು ಕಲಿತ ನಾಯಿಗೆ, ದಿನ ಕಳೆದಂತೆ ಚೂರುಗಳನ್ನು ಎರಡು ಹೆಜ್ಜೆಗೊಂದು, ಐದು ಹೆಜ್ಜೆಗೊಂದು ಎಂದು ವಿರಳಗೊಳಿಸುತ್ತ ಬಂದು, ಕೊನೆಗೆ ತುದಿಯಲ್ಲಿ ಮಾತ್ರ ಉಳಿಸಿದರೂ ಜಾಡಿನ ಮೇಲಣ ಪ್ರೀತಿ ಕುಂದುವುದಿಲ್ಲ. ಈಲಿಯ ಸವಿ ಜಾಡಿಗೇ ಅಂಟಿಕೊಂಡಿರುತ್ತದೆ. ಆಗ ಬೆಕ್ಕು ಹಾದು ಹೋದರೆ ಅದು ಒಂದು ಸಲ ಕಿವಿ ನಿಮಿರಿಸಿ, ಮತ್ತೆ ಮೂಗನ್ನು ನೆಲಕ್ಕೆ ಇಳಿಸುತ್ತದೆ. ವೈರಾಗ್ಯವು ಇಲ್ಲಿ ಮೊದಲು ಬಂದುದಲ್ಲ. ಅನುರಾಗದ ಹಿಂದೆ ತಾನಾಗಿ ಬಂದದ್ದು. ಮನುಷ್ಯರಲ್ಲಿಯೂ ಕ್ರಮವು ಇದೇ ಇರಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಪತಂಜಲಿಯು ಎಣಿಸಿದ ಒಂಬತ್ತು ಅಂತರಾಯಗಳಲ್ಲಿ ವ್ಯಾಧಿಯೇ ಮೊದಲನೆಯದು. ಇದನ್ನು ಸಾಧಕರು ಮರೆಯುವಂತೆ ನಾಯಿ ಸಾಕುವವರೂ ಮರೆಯುತ್ತಾರೆ. ಬಾಯ್ದೆರೆದು ಏದುವ ನಾಯಿಗೆ ಚೆನ್ನಾಗಿ ಮೂಸಲಾಗುವುದಿಲ್ಲ; ಚೈತ್ರದ ಬಿಸಿಲಿನಲ್ಲಿ ಎಂಟು ಗಂಟೆಗೇ ಬೆಂಗಳೂರಿನ ಟಾರು ಕಾಯತೊಡಗುತ್ತದೆ; ಅದಾದ ಮೇಲೂ ಪಾಠ ಮುಂದುವರಿಸಿ ನಾಯಿಗೆ ಗಮನವಿಲ್ಲವೆನ್ನುವುದು ಅನ್ಯಾಯ. ಇನ್ನೊಂದು ಅಂತರಾಯವು ಭೂಮಿಕೆ ಲಭಿಸದಿರುವುದು. ನೇರ ಜಾಡು ಗಟ್ಟಿಯಾಗುವ ಮೊದಲೇ ತಿರುವನ್ನು ಇಡುವುದು, ಹುಲ್ಲಿನಲ್ಲಿ ಪಳಗುವ ಮೊದಲೇ ಕಾಂಕ್ರೀಟಿಗೆ ತರುವುದು, ಹತ್ತು ನಿಮಿಷದ ಜಾಡನ್ನು ಬಿಟ್ಟು ಒಮ್ಮೆಗೇ ಎರಡು ಗಂಟೆಯ ಹಳೆಯ ಜಾಡಿಗೆ ಹಾರುವುದು, ಇವೆಲ್ಲವೂ ನಾಯಿಗೆ ಆ ಅಂತರಾಯವನ್ನು ನಾವಾಗಿಯೇ ತಂದೊಡ್ಡುವ ಬಗೆಗಳು. ಇನ್ನೂ ಹಸಿವಿರುವಾಗಲೇ ಎಲೆಯಿಂದ ಏಳಬೇಕೆಂಬ ಹಿತನುಡಿ ಈ ವಿದ್ಯೆಯಲ್ಲಿಯೂ ಸಲ್ಲುತ್ತದೆ: ಇನ್ನೊಂದು ಜಾಡು ಬೇಕೆಂದು ನಾಯಿ ಹಗ್ಗವನ್ನು ಎಳೆಯುತ್ತಿರುವಾಗಲೇ ಹಿರಿಯರು ಎದೆಪಟ್ಟಿಯನ್ನು ಬಿಚ್ಚುತ್ತಾರೆ.

ಇಷ್ಟಾದರೂ ಜಾಡು ತಪ್ಪುವುದುಂಟು. ತಪ್ಪಿದಾಗ ಏನು ಮಾಡಬೇಕೆಂಬುದರಲ್ಲಿಯೇ ಈ ವಿದ್ಯೆಯ ಧರ್ಮಸೂಕ್ಷ್ಮವೆಲ್ಲ ಅಡಗಿದೆ. ಮೊಮ್ಮಗನು ಇಟ್ಟ ಜಾಡು ಎಲ್ಲಿ ಎಡಕ್ಕೆ ತಿರುಗಿದೆಯೆಂಬುದು ನೋಡುತ್ತ ನಿಂತ ನನಗೂ ಗೊತ್ತಿರುತ್ತದೆ. ಕೆಂಚಿಯು ತಿರುವನ್ನು ದಾಟಿ ನೇರವಾಗಿ ನಾಲ್ಕು ಹೆಜ್ಜೆ ಮುಂದೆ ಹೋದಾಗ, ಎಡಕ್ಕೆ, ಎಡಕ್ಕೆ ಎಂದು ಕೂಗಬೇಕೆನ್ನಿಸುವ ತವಕವನ್ನು ತಡೆಯುವುದು ಸುಲಭವಲ್ಲ. ಹಿರಿಯರು ಆಗ ಕಲ್ಲಿನಂತೆ ನಿಂತುಬಿಡುತ್ತಾರೆ; ಹಗ್ಗ ಬಿಗಿಯುವುದೂ ಇಲ್ಲ, ಸಡಿಲುವುದೂ ಇಲ್ಲ; ಮುಖ ಜಾಡಿನ ಕಡೆಗೂ ತಿರುಗುವುದಿಲ್ಲ. ನಾಯಿ ತಲೆಯೆತ್ತಿ, ಒಂದು ಸುತ್ತು ಹಾಕಿ, ಹಿಂದಕ್ಕೆ ಬಂದು, ಮತ್ತೊಂದು ಸಣ್ಣ ಸುತ್ತು ಹಾಕಿ, ಎಡದ ಹುಲ್ಲಿನಲ್ಲಿ ಒಮ್ಮೆಗೇ ಮೂಗನ್ನು ಆಳವಾಗಿ ಒತ್ತುತ್ತದೆ. ಬೆನ್ನು ಕೆಳಗಾಗುತ್ತದೆ, ಬಾಲದ ಆಟ ನಿಲ್ಲುತ್ತದೆ, ಹಗ್ಗಕ್ಕೆ ಭಾರ ಬರುತ್ತದೆ. ಆ ಭಾರ ಬಂದಾಗ ಮಾತ್ರ ಅವರು ಕಾಲೆತ್ತುತ್ತಾರೆ.

ಗುರುವಿಗೆ ತಿಳಿಯದಿರುವುದನ್ನು ಶಿಷ್ಯನು ತಿಳಿದಿರುವ ವಿದ್ಯೆ ಇದು. ಗುರುವು ಮುಂದೆ ನಡೆಯುವ ವಿದ್ಯೆಗಳೇ ಲೋಕದಲ್ಲಿ ಹೆಚ್ಚು. ಇಲ್ಲಿ ಅವನು ಹಿಂದೆ ನಡೆಯಬೇಕು. ಹಿಂದೆ ನಡೆಯುವುದು ಸಾಧನೆಯೆಂಬುದನ್ನು ಕಾಳಿದಾಸನು ರಘುವಂಶದ ಎರಡನೆಯ ಸರ್ಗದಲ್ಲಿ, ನಮ್ಮ ಬಡಾವಣೆಯ ಹೆಸರನ್ನೇ ಹೊತ್ತ ವಸಿಷ್ಠರ ಧೇನುವಿನ ಪ್ರಸಂಗದಲ್ಲಿ, ಮನಮುಟ್ಟುವಂತೆ ನಿರೂಪಿಸಿದ್ದಾನೆ. ಚಕ್ರವರ್ತಿಯಾದ ದಿಲೀಪನು ಆ ಹಸುವಿನ ನಡಿಗೆಗೆ ತನ್ನ ನಡಿಗೆಯನ್ನೂ ಅದರ ನಿಲುವಿಗೆ ತನ್ನ ನಿಲುವನ್ನೂ ಒಪ್ಪಿಸಿ, ದಿನದಿನವೂ ಕಾಡಿನಲ್ಲಿ ಅದರ ಹಿಂದೆ ಅಲೆಯುತ್ತಾನೆ. ಹಸು ಹಾದಿ ತಪ್ಪುವುದಿಲ್ಲ. ಒಂದು ದಿನ ಹಿಮಾಲಯದ ಸೊಬಗಿಗೆ ಕಣ್ಣನ್ನು ಕೊಟ್ಟವನು ಅರಸನೇ, ಮತ್ತು ಸಿಂಹವು ಹಸುವಿನ ಮೇಲೆರಗುವುದು ಆ ಕ್ಷಣದಲ್ಲಿಯೇ. ನಾಯಿಯ ಗಮನವನ್ನು ನಿಲ್ಲಿಸುವುದು ಹೇಗೆಂದು ಕೇಳುವವರು ಹಗ್ಗದ ಈ ತುದಿಯನ್ನು ವಿಚಾರಿಸುವುದು ವಿರಳ. ನಾಯಿಯ ಜಾಡು ತಪ್ಪಿದ ಎಷ್ಟೋ ಸಂದರ್ಭಗಳಲ್ಲಿ, ಅದಕ್ಕಿಂತ ಸ್ವಲ್ಪ ಮೊದಲು, ಹಿಂದೆ ನಡೆಯುತ್ತಿದ್ದವನ ಮನಸ್ಸು ಕಚೇರಿಗೋ ಕಿಸೆಯ ಮೊಬೈಲಿಗೋ ಹೋಗಿರುವುದನ್ನು ನಿಂತು ನೋಡುವವರು ಸ್ಪಷ್ಟವಾಗಿ ಕಾಣಬಹುದು.

ಅನವಧಾನವೊಂದೇ ಅಪಾಯವಲ್ಲ, ಪೂರ್ವಾಗ್ರಹವು ಅದಕ್ಕಿಂತ ದೊಡ್ಡದು. 1907ರಲ್ಲಿ ಬರ್ಲಿನ್ನಿನಲ್ಲಿ ಲೆಕ್ಕ ಮಾಡುವುದೆಂದು ಪ್ರಸಿದ್ಧವಾಗಿದ್ದ ಹಾನ್ಸ್ ಎಂಬ ಕುದುರೆಯನ್ನು ಪರೀಕ್ಷಿಸಿದ ಆಸ್ಕರ್ ಫುಂಗ್ಸ್ಟ್ ಎಂಬವರು, ಅದು ಲೆಕ್ಕ ಮಾಡುತ್ತಿರಲಿಲ್ಲ, ಪ್ರಶ್ನೆ ಕೇಳಿದವರ ಮೈಯಲ್ಲಿ ಅವರಿಗೇ ತಿಳಿಯದಂತೆ ಉಂಟಾಗುತ್ತಿದ್ದ ಸೂಕ್ಷ್ಮ ಚಲನೆಯನ್ನು ಓದುತ್ತಿತ್ತೆಂದು ತೋರಿಸಿದರು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೂಸುನಾಯಿಗಳನ್ನು ನಡೆಸುವ 18 ಮಂದಿಗೆ ಇಂತಿಂಥ ಗುರುತಿರುವ ಕಡೆ ವಸ್ತು ಅಡಗಿದೆಯೆಂದು ಸುಳ್ಳು ನಂಬಿಕೆ ಹುಟ್ಟಿಸಿ ಕಳುಹಿಸಲಾಯಿತು. ವಸ್ತು ಎಲ್ಲಿಯೂ ಇರಲಿಲ್ಲ, ಆದರೂ ತಮ್ಮ ನಾಯಿ ಗುರುತು ತೋರಿಸಿತೆಂದು ಅವರಲ್ಲಿ ಹೆಚ್ಚಿನವರು ಮತ್ತೆ ಮತ್ತೆ ಹೇಳಿದರು. ನಾಯಿ ಅಲ್ಲಿ ಅನುಸರಿಸಿದ್ದು ನಂಬಿಕೆಯ ಜಾಡನ್ನು. ಅಥವಾ ನಾಯಿ ಏನನ್ನೂ ತೋರಿಸದಿದ್ದರೂ ಮನುಷ್ಯನೇ ಕಂಡನು. ಎರಡೂ ಭೀಕರವೇ. 1970ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಜಾಡುನಾಯಿಯ ಸಾಕ್ಷ್ಯಕ್ಕೆ ಎತ್ತಲಾಗುವ ಆಕ್ಷೇಪಗಳನ್ನು ಗಮನಿಸಿದ್ದುಂಟು: ನಾಯಿ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಲಾರದು, ಅದರ ಪರವಾಗಿ ನುಡಿಯುವವನು ಅದನ್ನು ತಪ್ಪಾಗಿ ತಿಳಿದಿರಬಹುದು, ನಾಯಿಯ ಅನುಮಾನವನ್ನು ಆಧರಿಸಿ ಮನುಷ್ಯನ ಸ್ವಾತಂತ್ರ್ಯವನ್ನು ನಿರ್ಧರಿಸಬಾರದು. ಪ್ರಮಾಣಶಾಸ್ತ್ರವನ್ನು ಬಲ್ಲವರು ಮೆಚ್ಚತಕ್ಕ ವಿವೇಚನೆ. ನಾಯಿಯ ಜ್ಞಾನವು ನಾಯಿಗೆ ಪ್ರತ್ಯಕ್ಷ. ನಮಗೆ ಅದು ಹಗ್ಗದ ಭಾರ, ಬೆನ್ನಿನ ಬಾಗು, ಬಾಲದ ನಿಲುವುಗಳೆಂಬ ಲಿಂಗಗಳಿಂದ ಹುಟ್ಟುವ ಅನುಮಿತಿ ಮಾತ್ರ. ಅದನ್ನು ದಾರಿ ತೋರಿಸಲು ಬಳಸಬಹುದು, ತೀರ್ಪಾಗಿ ಬಳಸಕೂಡದು. 2019ರ ಜುಲೈ ತಿಂಗಳಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಸುಮಾರು 12 ಕಿಲೋಮೀಟರು ಜಾಡು ಹಿಡಿದು ನಡೆದು ಕೊಲೆಯ ಆರೋಪಿಯಿದ್ದ ಮನೆಯವರೆಗೆ ಕರೆದೊಯ್ದಾಗಲೂ, ಬಂಡೀಪುರದ ರಾಣಾ ಎಂಬ ಜರ್ಮನ್ ಶೆಫರ್ಡ್ ಅದೇ ವರ್ಷದ ಅಕ್ಟೋಬರಿನಲ್ಲಿ ಗುಂಡ್ಲುಪೇಟೆಯ ಕಡೆ ಹುಲಿಯ ಸುಳಿವನ್ನು ಹುಡುಕುತ್ತಿದ್ದವರ ಮುಂದೆ ನಡೆದಾಗಲೂ, ಮುಂದಿನ ಕೆಲಸ ಮನುಷ್ಯರದೇ ಆಗಿತ್ತು.

ಮುಧೋಳದ ನಾಯಿಗಳನ್ನು ಬಲ್ಲವರು ಇಲ್ಲೊಂದು ಮಾತು ಹೇಳಬಹುದು. ತಿಮ್ಮಾಪುರದ ಸಂಶೋಧನಾ ಕೇಂದ್ರದಲ್ಲಿ ಪೋಷಿಸಲ್ಪಡುತ್ತಿರುವ ಆ ಪ್ರಸಿದ್ಧ ತಳಿ ಕಣ್ಣಿನಿಂದ ಬೇಟೆಯಾಡುವ ಜಾತಿಯದು. ಬೇಟೆ ಎದುರಿಗೆ ಓಡುತ್ತಿರುವವರೆಗೆ ಅದರ ಏಕಾಗ್ರತೆಗೆ ಎಣೆಯಿಲ್ಲ. ಮೂಗಿನಿಂದ ನಡೆಯುವ ನಾಯಿಯ ಪಾಡು ಬೇರೆ. ಅದು ಅನುಸರಿಸುತ್ತಿರುವವನು ಅಲ್ಲಿಲ್ಲ, ಹೋಗಿಯಾಗಿದೆ. ಕಾಣದವನನ್ನು, ಅವನು ನೆಲದಲ್ಲಿ ಬಿಟ್ಟುಹೋದ ಕುರುಹೊಂದನ್ನೇ ನಂಬಿ, ಸಾವಿರ ಕುರುಹುಗಳ ನಡುವೆ ಬಿಡದೆ ಹಿಡಿದು ನಡೆಯುವುದು ಅದರ ಕೆಲಸ. ಕಂಠೀರವ ಸ್ಟುಡಿಯೋದಲ್ಲಿರುವ ಚಿತ್ರನಟ ರಾಜಕುಮಾರರ ಸಮಾಧಿಗೆ ಅವರು ಹುಟ್ಟಿದ ದಿನವಾದ ಏಪ್ರಿಲ್ 24ರಂದು ಜನ ಕಿಕ್ಕಿರಿಯುವ ರಸ್ತೆಯಲ್ಲಿಯೂ ಒಬ್ಬನ ಹೆಜ್ಜೆ ಒಬ್ಬನದೇ ಆಗಿ ಉಳಿದಿರುತ್ತದೆಂದು ಯೋಚಿಸಿದರೆ ಬೆರಗಾಗುತ್ತದೆ. ಪರೋಕ್ಷದಲ್ಲಿ ನೆಟ್ಟ ಚಿತ್ತಕ್ಕೆ ಧ್ಯಾನವೆಂಬ ಹೆಸರು ಸಲ್ಲುವುದಾದರೆ ಈ ಪ್ರಾಣಿಯ ವ್ಯಾಪಾರಕ್ಕೆ ಬೇರೆ ಯಾವ ಹೆಸರನ್ನು ಕೊಡೋಣ?

ಅಂಥ ಜೀವದೊಡನೆ ಕೆಲಸ ಮಾಡುವವರಿಗೆ ಅದರ ಋಣವೂ ಉಂಟು. ಮಂಡ್ಯದ ಕಡೆಯ ಆತಕೂರಿನಲ್ಲಿ ಕ್ರಿ.ಶ. 949–50ರ ಸುಮಾರಿಗೆ ನಿಲ್ಲಿಸಿದ ವೀರಗಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕ ಅದು. ಮಣಲೆರನೆಂಬ ವೀರನು ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಒಡೆಯನು ಬೇಡಿದ್ದನ್ನು ಕೊಡಲು ಮುಂದಾದಾಗ ಆ ನಾಯಿಯನ್ನೇ ಬೇಡಿದ್ದನು. ಆ ಸ್ಥಾನದ ಪೂಜಾರಿಯಾದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುತ್ತದೆ. ನಾಯಿಗೆ ಸಲ್ಲಬೇಕಾದುದು ಸಲ್ಲಿದ ಮೇಲೆಯೇ ಅನ್ನ ಎಂಬ ಈ ಕಟ್ಟಳೆಯ ಎದುರಿಗೆ ಮಹಾಭಾರತದ ಆದಿಪರ್ವದ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. ಕುರುಕ್ಷೇತ್ರದಲ್ಲಿ ಜನಮೇಜಯನ ದೀರ್ಘಸತ್ರ ನಡೆಯುತ್ತಿದ್ದಾಗ ಅಲ್ಲಿಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಹವಿಸ್ಸನ್ನು ನಾನು ನೆಕ್ಕಲೂ ಇಲ್ಲ, ನೋಡಲೂ ಇಲ್ಲವೆಂದು ಮರಿ ತಾಯಿಯೊಡನೆ ಅತ್ತಿತು. ತಾಯಿ ಬಂದು, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವು ನಿಮಗೆ ಬರಲಿ ಎಂದು ಅವಳು ಶಪಿಸಿದಳು. ನೆಲದ ಮೇಲೆ ಮೂಗಿಟ್ಟು ಸರಿಯಾಗಿಯೇ ನಡೆಯುತ್ತಿದ್ದ ನಾಯಿಯನ್ನು, ತಮ್ಮ ಎಣಿಕೆಗೆ ಒಪ್ಪಲಿಲ್ಲವೆಂಬ ಕಾರಣಕ್ಕೆ ಜಗ್ಗಿ ಹೊಡೆಯುವವರನ್ನು ಕಂಡಾಗ ನನಗೆ ಆ ಶಾಪ ನೆನಪಾಗುತ್ತದೆ.

ಕೊನೆಯದಾಗಿ ಒಂದು ಧರ್ಮಸಂದೇಹ. ನಿಜವಾದ ಶೋಧಗಳಲ್ಲಿ ಎಷ್ಟೋ ಸಲ ಜಾಡು ಬಸ್ಸು ಹತ್ತಿದ ಜಾಗದಲ್ಲಿಯೋ ಹೆದ್ದಾರಿಯ ಅಂಚಿನಲ್ಲಿಯೋ ಮುಗಿದುಹೋಗುತ್ತದೆ; ತುದಿಯಲ್ಲಿ ಯಾರೂ ಇರುವುದಿಲ್ಲ. ಹೀಗೆ ಬರಿಗೈಯಾದ ದಿನ ನಾಯಿಯನ್ನು ಹಾಗೆಯೇ ಮನೆಗೆ ಕರೆತರಬಾರದೆಂಬುದು ಈ ವಿದ್ಯೆಯವರ ಸಂಪ್ರದಾಯ. ಯಾರಾದರೊಬ್ಬರು ಹತ್ತಿರದಲ್ಲಿಯೇ ಅಡಗಿಕೊಂಡು, ಸುಲಭವಾದ ಒಂದು ಜಾಡನ್ನು ಬಿಟ್ಟು, ನಾಯಿಯು ತಮ್ಮನ್ನು ಹುಡುಕಿ ಪಾರಿತೋಷಕ ಪಡೆಯುವಂತೆ ಮಾಡುತ್ತಾರೆ. ಇದು ನಾಯಿಗೆ ಮಾಡುವ ವಂಚನೆಯಲ್ಲವೆ, ಫಲವನ್ನು ಅಪೇಕ್ಷಿಸದೆ ಕರ್ಮ ಮಾಡಬೇಕೆಂದು ಗೀತೆ ಹೇಳುವಾಗ ನಾವು ಹುಸಿ ಫಲವನ್ನು ಸೃಷ್ಟಿಸುತ್ತಿಲ್ಲವೆ ಎಂದು ಸ್ನೇಹಿತರೊಬ್ಬರು ಕೇಳಿದರು. ಫಲತ್ಯಾಗವು ತನ್ನ ಕರ್ಮದ ವಿಷಯದಲ್ಲಿ ತಾನು ಆಚರಿಸತಕ್ಕ ಧರ್ಮ. ಇನ್ನೊಬ್ಬನಿಂದ ಕೆಲಸ ಮಾಡಿಸಿಕೊಂಡವನು ಅವನಿಗೆ ಅದನ್ನು ಬೋಧಿಸಿ ಕೂಲಿಯನ್ನು ಉಳಿಸಿಕೊಳ್ಳುವುದು ಧರ್ಮವಲ್ಲ. ಹುಸಿಯೆಂಬ ಮಾತಂತೂ ನನಗೆ ಒಪ್ಪಿಗೆಯಾಗುವುದಿಲ್ಲ. ಅಡಗಿ ಕುಳಿತ ಹುಡುಗ ನಿಜ, ಅವನ ಹೆಜ್ಜೆ ನಿಜ, ನಾಯಿ ಅದನ್ನು ಹುಡುಕಿದ್ದು ನಿಜ, ಈಲಿಯೂ ನಿಜ. ಆ ಜಾಡನ್ನು ಅಲ್ಲಿ ಇಟ್ಟವರು ನಾವೆಂಬುದಷ್ಟೇ ಆಕ್ಷೇಪವಾದರೆ, ಇಬ್ಬನಿಯಲ್ಲಿ ಮೊದಲ ದಿನ ಅದು ಕಲಿತ ಜಾಡನ್ನು ಇಟ್ಟವರೂ ನಾವೇ ಆಗಿದ್ದೆವು.